ಮೂತಿ ಕೆಳಗಾದ ರೈಫಲ್

೨೦೧೮ರಲ್ಲಿ ನಾನು ಕಮಲಾಪುರದ ಒಂದು ಖಾಸಗಿ ಅನುದಾನಿತ ಪದವಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದೆ. ಕಾಲೇಜಿನ ಎನ್‌ಸಿಸಿ ಘಟಕದ ಹೊಣೆಯೂ ನನ್ನ ಮೇಲೆಯೇ ಇತ್ತು. ವಾರಕ್ಕೆ ಎರಡು ದಿನ ಖಾಕಿ ತೊಟ್ಟು ಮಕ್ಕಳಿಗೆ ಕವಾಯತು ಮಾಡಿಸುವುದು, ಉಳಿದ ದಿನ ಬಹಮನಿ ಸುಲ್ತಾನರ ಪಾಠ ಮಾಡುವುದು, ಇದು ನನ್ನ ಕೆಲಸ. ಕಾಲೇಜನ್ನು ನಡೆಸುತ್ತಿದ್ದ ಸಂಸ್ಥೆಯ ಕಚೇರಿ ಕಲಬುರಗಿಯಲ್ಲಿ, ಜಗತ್ ವೃತ್ತದಿಂದ ಸ್ವಲ್ಪ ಒಳಗಿನ ಓಣಿಯಲ್ಲಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ. ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಇನ್ನೊಬ್ಬರಿಂದ ತಿಳಿದದ್ದನ್ನು ಕೇಳಿದೆ ಎಂದೂ ಬೇರೆಬೇರೆಯಾಗಿಯೇ ಬರೆಯುತ್ತೇನೆ. ಇದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮೊದಲು ಬಂದೂಕಿನ ವಿಷಯ ಹೇಳಬೇಕು. ನಮ್ಮ ಸ್ಟೋರಿನಲ್ಲಿದ್ದವು ಡಿ.ಪಿ. ರೈಫಲ್‌ಗಳು. ಡಿ.ಪಿ. ಎಂದರೆ ಡ್ರಿಲ್ ಪರ್ಪಸ್. ಒಂದು ಕಾಲದಲ್ಲಿ ನಿಜವಾದ ಬಂದೂಕುಗಳೇ ಆಗಿದ್ದು, ಹಳತಾದ ಮೇಲೆ ನಳಿಕೆಗೆ ತೂತು ಕೊರೆದು, ಗುಂಡಿಗೆ ಬಡಿಯುವ ಮೊಳೆ ತೆಗೆದು ಕವಾಯತಿಗಷ್ಟೇ ಇಟ್ಟಂಥವು. ತೂಕ ಅದೇ, ರೂಪ ಅದೇ, ಆದರೆ ಗುಂಡು ಹಾರುವುದಿಲ್ಲ. ಗುರುತು ಸಿಗಲೆಂದು ಕಟ್ಟಿಗೆಯ ಭಾಗಕ್ಕೆ ಬಿಳಿ ಪಟ್ಟಿ ಬಳಿದಿರುತ್ತಾರೆ. ಅವುಗಳಿಂದ ಯಾರಿಗಾದರೂ ಅಪಾಯವಿದ್ದರೆ ಅದು ಕಾಲ್ಬೆರಳ ಮೇಲೆ ಬೀಳಿಸಿಕೊಂಡವರಿಗೆ ಮಾತ್ರ.

ಖಂಡೇನವಮಿಯ ದಿನ ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆಯಾಗುತ್ತದೆ. ಕಾಲೇಜಿನಲ್ಲಿ ಪ್ರಯೋಗಾಲಯದ ತಕ್ಕಡಿ, ಗ್ರಂಥಾಲಯದ ಕಂಪ್ಯೂಟರ್, ಜೊತೆಗೆ ಈ ರೈಫಲ್‌ಗಳಿಗೂ ವಿಭೂತಿ ಬಳಿದು ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದೆವು. ಹೂ ಮರುದಿನ ತೆಗೆಯುತ್ತಾರೆ. ಕುಂಕುಮವನ್ನು ಮಾತ್ರ ಯಾರೂ ಒರೆಸುವುದಿಲ್ಲ. ಅದು ತಾನಾಗಿ ಅಳಿಸಿ ಹೋಗಬೇಕು, ಕೈಯಿಂದ ಒರೆಸಿದರೆ ಕೇಡು ಎಂಬ ನಂಬಿಕೆ. ದಸರೆ ಮುಗಿದು ವಾರಗಟ್ಟಲೆ ನಮ್ಮ ಕೆಡೆಟ್‌ಗಳು ಕುಂಕುಮದ ಬೊಟ್ಟಿದ್ದ ರೈಫಲ್‌ಗಳನ್ನು ಹೆಗಲಿಗೇರಿಸಿಯೇ ಕವಾಯತು ಮಾಡುತ್ತಿದ್ದರು. ಅದರಲ್ಲಿ ಯಾರಿಗೂ ಏನೂ ವಿಶೇಷ ಕಂಡಿರಲಿಲ್ಲ.

ಸುನಂದಾ ನಮ್ಮಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ನನ್ನ ಹುದ್ದೆ ಸರ್ಕಾರದ ಅನುದಾನದ್ದು, ಕಾಯಂ. ಅವರದು ಆಡಳಿತ ಮಂಡಳಿ ಸಂಬಳ ಕೊಡುವ ತಾತ್ಕಾಲಿಕ ಹುದ್ದೆ. ಪ್ರತಿ ಜೂನ್‌ನಲ್ಲಿ ಹೊಸ ಆದೇಶ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ತಾಯಿ ಮತ್ತು ಓದುತ್ತಿದ್ದ ತಮ್ಮ ಅವರ ದುಡಿಮೆಯನ್ನೇ ನಂಬಿದ್ದರು. ಈ ವ್ಯತ್ಯಾಸವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಅವರು ಆ ವರ್ಷ ದಸರೆ ಮುಗಿದ ಮೇಲೆ ಕೊನೆಯ ವರ್ಷದ ಮಕ್ಕಳಿಗೆ ಕಪ್ಪು ಬಿಳುಪಿನ ಒಂದು ಹಳೆಯ ಯುದ್ಧಚಿತ್ರವನ್ನು ತೋರಿಸಿ, ಅದರಲ್ಲಿ ಬಂದೂಕು ಯಾವ ಯಾವ ಅರ್ಥದಲ್ಲಿ ಬರುತ್ತದೆ ಎಂದು ಚರ್ಚೆ ಮಾಡಿಸಿದರು. ನಾನೂ ಹೋಗಿ ಕುಳಿತಿದ್ದೆ. ಚಿತ್ರದ ಹೆಸರು ಬರೆಯುವುದಿಲ್ಲ. ಮುಂದೆ ಎದ್ದ ಗಲಾಟೆಯಲ್ಲಿ ಜಗಳ ಆ ಚಿತ್ರ ಯಾವ ದೇಶದ್ದು, ಆ ದೇಶ ನಮಗೆ ಮಿತ್ರನೋ ವೈರಿಯೋ ಎಂಬಲ್ಲಿಗೆ ಹೋಗಿ ನಿಂತಿತ್ತು. ಮತ್ತೊಮ್ಮೆ ಹಾಗಾಗುವುದು ಬೇಡ.

ಕಥೆ ಸರಳ. ಸೈನ್ಯ ಸೇರಿದ ಹುಡುಗನೊಬ್ಬನಿಗೆ ರೈಫಲ್ ಸಿಗುತ್ತದೆ. ಅವನು ಅದನ್ನು ಮುಖ ಕಾಣುವಷ್ಟು ತಿಕ್ಕಿ ಹೊಳಪು ಬರಿಸುತ್ತಾನೆ. ಇನ್ನು ಇದು ಶತ್ರುಗಳನ್ನು ಉರುಳಿಸುತ್ತದೆ ಎಂದು ನಾವು ಕಾಯುತ್ತೇವೆ. ಆದರೆ ರೈಫಲ್ ಬೇರೆ ಕೆಲಸಗಳನ್ನೇ ಮಾಡುತ್ತಾ ಹೋಗುತ್ತದೆ. ಒಲೆಯ ಮೇಲೆ ಪಾತ್ರೆ ತೂಗುಹಾಕುವ ಗಳವಾಗುತ್ತದೆ. ಕಾಲು ಮುರಿದವನಿಗೆ ಊರುಗೋಲಾಗುತ್ತದೆ. ಒಂದು ಕೋಟಿನ ಎರಡು ತೋಳಿನೊಳಗೆ ಎರಡು ರೈಫಲ್ ತೂರಿಸಿ ಗಾಯಾಳುವನ್ನು ಹೊರುತ್ತಾರೆ. ಇಡೀ ಚಿತ್ರದಲ್ಲಿ ಅದು ಗುಂಡು ಹಾರಿಸುವುದು ಒಂದೇ ಸಲ. ಆಗಲೂ ಎದುರಿಗೆ ಬಿದ್ದವನನ್ನು ತೋರಿಸುವುದಿಲ್ಲ, ಹಾರಿಸಿದವನ ಭುಜಕ್ಕೆ ಬಿದ್ದ ಒದೆತವನ್ನಷ್ಟೇ ತೋರಿಸುತ್ತಾರೆ. ಕೊನೆಗೆ ಹುಡುಗ ಸಾಯುತ್ತಾನೆ. ಗೆಳೆಯ ಗುಂಡಿ ತೋಡಿ ಮುಚ್ಚುತ್ತಾನೆ. ಗುರುತಿಗೆ ನೆಡಲು ಒಂದು ಹಲಗೆಯೂ ಇಲ್ಲ. ಸತ್ತವನ ರೈಫಲನ್ನೇ ಮೂತಿ ಕೆಳಗೆ ಮಾಡಿ ಮಣ್ಣಿಗೆ ಊರಿ, ಮೇಲೆ ಹೆಲ್ಮೆಟ್ ಇಟ್ಟು, ಬುಡದಲ್ಲಿ ಅವನ ಬೂಟುಗಳನ್ನು ಊರಿನ ದಿಕ್ಕಿಗೆ ಮುಖ ಮಾಡಿ ಜೋಡಿಸುತ್ತಾನೆ.

ಚಿತ್ರ ಮುಗಿದ ಮೇಲೆ ಸುನಂದಾ ಕೇಳಿದ್ದು ಒಂದೇ ಪ್ರಶ್ನೆ: “ಈ ಸಿನಿಮಾದಾಗ ಬಂದೂಕು ಗುಂಡು ಹಾರಿಸೋ ಕೆಲಸ ಒಂದೇ ಸಲ ಮಾಡ್ತದ. ಉಳಿದ ಹೊತ್ತೆಲ್ಲಾ ಏನು ಮಾಡ್ತದ, ಯಾಕ ಮಾಡ್ತದ, ಹೇಳ್ರಿ ನೋಡೂಣು.”

ಹಿಂದಿನ ಬೆಂಚಿನಿಂದ ಮಲ್ಲಿನಾಥ ಎಂಬ ಹುಡುಗ ಎದ್ದ. “ಅಂದ್ರ ಮೇಡಂ, ಗುಂಡೇ ಹಾರ್ಸಲಾರದ ನಮ್ಮ ಡಿ.ಪಿ. ರೈಫಲ್ ಎಲ್ಲಾರಕಿಂತ ದೊಡ್ಡ ಹೀರೋ ಅಂದಂಗಾಯ್ತು!”

ಎಲ್ಲರೂ ನಕ್ಕರು. ಸುನಂದಾ ನಗಲಿಲ್ಲ. “ಖರೇ ಹೇಳ್ದಿ ನೋಡು. ಕೊನೀ ದೃಶ್ಯ ಡಿ.ಪಿ. ರೈಫಲ್ ತಗೊಂಡೇ ಮಾಡಿ ತೋರಿಸ್ರಿ” ಎಂದರು. ರೈಫಲ್ ಕೊಡಬಹುದೇ ಎಂದು ನನ್ನನ್ನು ಕೇಳಿದರು. ಕೆಡೆಟ್ ಆದವರು ಮಾತ್ರ ಅದನ್ನು ಹಿಡಿಯುವುದಾದರೆ, ಕಾಲೇಜಿನ ಹೊರಗೆ ಹೋಗುವುದಿಲ್ಲವಾದರೆ ಕೊಡುತ್ತೇನೆ ಎಂದೆ.

ಮುಂದಿನ ಶನಿವಾರ ಸಭಾಂಗಣದಲ್ಲಿ ದೃಶ್ಯ ಮಾಡಿದರು. ನಾನು ಮುಂದಿನ ಸಾಲಿನಲ್ಲೇ ಇದ್ದೆ. ಭಾಗ್ಯಶ್ರೀ ಎಂಬ ಕೆಡೆಟ್ ಗೆಳೆಯನ ಪಾತ್ರ ಮಾಡಿದಳು. ಅವಳ ತಂದೆ ಹೆದ್ದಾರಿಯ ಪಕ್ಕ ಕೆಂಪು ಬಾಳೆಹಣ್ಣು ಮಾರುತ್ತಿದ್ದರು, ಅವಳಿಗೆ ಪೊಲೀಸ್ ಇಲಾಖೆ ಸೇರುವ ಆಸೆ. ಹಾಸುಗಲ್ಲಿನ ನೆಲದಲ್ಲಿ ಊರಲು ಬರುವುದಿಲ್ಲವಲ್ಲ, ಒಂದು ಕಬ್ಬಿಣದ ಬುಟ್ಟಿಯ ತುಂಬ ಕೆಂಪು ಮಣ್ಣು ತಂದಿಟ್ಟಿದ್ದರು. ಅವಳು ರೈಫಲನ್ನು ತಲೆಕೆಳಗು ಮಾಡಿ ಮಣ್ಣಿಗೆ ಊರಿದಳು. ಬಣ್ಣ ಬಳಿದ ಮೋಟಾರ್ ಸೈಕಲ್ ಹೆಲ್ಮೆಟ್ ಅನ್ನು ಬಟ್ಟಿನ, ಅಂದರೆ ರೈಫಲ್‌ನ ಹಿಂತುದಿಯ ಮೇಲೆ ಇಟ್ಟಳು. ತನ್ನ ಪರೇಡ್ ಬೂಟುಗಳನ್ನು ಬಿಚ್ಚಿ, ಮತ್ತೆ ಲೇಸ್ ಕಟ್ಟಿ ಬುಟ್ಟಿಯ ಪಕ್ಕ ಜೋಡಿಸಿ, ಬರಿಗಾಲಲ್ಲಿ ಹಿಂದೆ ಸರಿದು ಸೆಲ್ಯೂಟ್ ಮಾಡಿದಳು. ರೈಫಲ್ ಮೇಲೆ ಖಂಡೇನವಮಿಯ ಕುಂಕುಮ ಇತ್ತು.

ಯಾರೋ ಫೋನಿನಲ್ಲಿ ಚಿತ್ರಿಸಿಕೊಂಡಿದ್ದರು. ಸೋಮವಾರದ ಹೊತ್ತಿಗೆ ಒಂದು ತುಣುಕು ಊರೆಲ್ಲ ಹರಿದಾಡಿತ್ತು. ಅದರಲ್ಲಿ ಹೆಲ್ಮೆಟ್ ಇಲ್ಲ, ಸೆಲ್ಯೂಟ್ ಇಲ್ಲ. ಕುಂಕುಮ ಹಚ್ಚಿದ ಬಂದೂಕನ್ನು ಹುಡುಗಿಯೊಬ್ಬಳು ಮಣ್ಣಿಗೆ ಚುಚ್ಚುವುದು, ಬುಡಕ್ಕೆ ಬೂಟು ಇಡುವುದು, ಅಷ್ಟೇ. ಪೂಜಿಸಿದ ಆಯುಧಕ್ಕೆ ಕಾಲೇಜಿನಲ್ಲಿ ಅವಮಾನ, ಸೈನಿಕರಿಗೆ ಅಪಮಾನ ಎಂದು ಮೇಲೆ ಬರೆದಿತ್ತು. ಕತ್ತರಿಸಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅನುಮಾನಗಳಿವೆ, ಅವನ್ನು ಬರೆಯುವುದಿಲ್ಲ.

ಮೊದಲು ಕಾಲೇಜಿಗೆ ಬಂದವರು ಹವಾಲ್ದಾರ್ ಗುಂಡಪ್ಪ. ಸೈನ್ಯದಿಂದ ನಿವೃತ್ತರಾಗಿ ಕಮಲಾಪುರದಲ್ಲೇ ಹೊಲ ನೋಡಿಕೊಂಡಿದ್ದವರು. ಗೇಟಿನಿಂದಲೇ ಅವರ ದನಿ ಕೇಳಿಸಿತು.

“ಯಾರ್ರೀ ಆಕಿ? ಬಂದೂಕಿನ ಬುಡಕ್ಕ ಕೆರ ಇಟ್ಟಾಕಿ ಯಾರು? ಹೊರಗ ಕರೀರಿ!”

ಸುನಂದಾ ತಾವೇ ಎದುರು ಹೋದರು. “ಇಡಸ್ದಾಕಿ ನಾನ್ರೀ ಕಾಕಾ. ಬೈಯೋದು ಇದ್ರ ಬೈರಿ. ಆದ್ರ ಮೊದಲ ಪೂರಾ ನೋಡಿ ಆಮ್ಯಾಲ ಬೈರಿ” ಎಂದು ಒಳಗೆ ಕರೆತಂದು ಕೂರಿಸಿದರು. ಮಕ್ಕಳ ಬಳಿ ಇದ್ದ ಪೂರ್ತಿ ವಿಡಿಯೋ ತೋರಿಸಿದರು. ಅವರು ಕೇಳಿದ್ದಕ್ಕೆ ಸಿನಿಮಾದ ಕೊನೆಯ ಭಾಗವನ್ನೂ ತೋರಿಸಿದರು. ಗುಂಡಪ್ಪ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಜೇಬಿಗಿಟ್ಟರು.

“ನಮ್ಮ ಯೂನಿಟ್‌ನಾಗ ಹಿಂಗೇ ಮಾಡಿದ್ವಿ,” ಎಂದರು ಕೊನೆಗೆ. “ಬೂಟು ಇಡುವಾಗ ನನ್ನ ಕೈಲೆ ಲೇಸ್ ಕಟ್ಟಲಿಕ್ಕೆ ಆಗಿದ್ದಿಲ್ಲ. ಆ ಹುಡುಗಿ ಛಲೋ ಕಟ್ಟ್ಯಾಳ.” ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. “ತುಂಡು ಮಾಡಿ ತೋರ್ಸಿದ್ ಮಗ ಸಿಗಲಿ ನನಗ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ಸಂಸ್ಥೆಯ ಕಚೇರಿಯಿಂದ ಮರುದಿನವೇ ಕರೆ ಬಂತು. ಸುನಂದಾ ತರಗತಿಗೆ ಹೋಗಕೂಡದು, ಮಾಜಿ ಸೈನಿಕರ ಭಾವನೆಗೆ ಧಕ್ಕೆಯಾಗಿದೆ ಎಂದು ದೂರು ಬಂದಿದೆ, ವಿಚಾರಣೆ ನಡೆಯುತ್ತದೆ ಎಂದರು. ಕಮಲಾಪುರದಲ್ಲಿದ್ದ ಮಾಜಿ ಸೈನಿಕರ ಪೈಕಿ ನನಗೆ ಪರಿಚಯವಿದ್ದವರನ್ನೆಲ್ಲ ಕೇಳಿದೆ. ಯಾರೂ ದೂರು ಕೊಟ್ಟಿರಲಿಲ್ಲ. ಗುಂಡಪ್ಪನವರಿಗೆ ಹೇಳಿದಾಗ ಅವರು ಗಹಗಹಿಸಿದರು.

“ಮಾಸ್ತರ, ನನ್ನ ಭಾವನಾಕ್ಕ ಧಕ್ಕಿ ಆಗ್ಯಾದಂತ ಕಲಬುರಗ್ಯಾಗ ಕುಂತವರಿಗಿ ಗೊತ್ತಾಗ್ಯಾದ. ನನಗೇ ಗೊತ್ತಿಲ್ಲ ನೋಡ್ರಿ! ನಡೀರಿ, ನಾನೂ ಬರ್ತೀನಿ.”

ನನ್ನನ್ನೂ ಸಾಕ್ಷಿಯಾಗಿ ಕರೆದಿದ್ದರು. ವಿಚಾರಣೆಯ ದಿನ ಸುನಂದಾ, ಗುಂಡಪ್ಪ, ನಾನು ಮೂವರೂ ಒಂದೇ ಬಸ್ಸಿನಲ್ಲಿ ಕಲಬುರಗಿಗೆ ಹೋದೆವು. ಸಂಸ್ಥೆಯ ಕಾರ್ಯದರ್ಶಿಗಳು ಮೇಜಿನ ಒಂದು ಬದಿಗೆ ಕುಳಿತಿದ್ದರು. ನಡುವೆ ಇದ್ದವರು ವಿಚಾರಣಾಧಿಕಾರಿ. ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ಸಂಸ್ಥೆಯ ಸದಸ್ಯರಾಗಿದ್ದವರು. ನನಗೆ ಸಮಾಧಾನವಾಯಿತು. ಶಸ್ತ್ರ ಎಂದರೇನೆಂದು ತಿಳಿದ ಮನುಷ್ಯ ಎಂದುಕೊಂಡೆ. ಗುಂಡಪ್ಪನವರು ಒಳಗೆ ಬರಲು ಹೋದಾಗ ಗುಮಾಸ್ತ ತಡೆದ. “ನಿಮ್ಮನ್ನ ಕರದಿಲ್ಲಲ್ರೀ.”

“ನನ್ನ ಭಾವನಾದ ವಿಷಯ ಮಾತಾಡ್ಲಕತ್ತಾರ, ನನ್ನ ಕರದಿಲ್ಲೇನು?”

“ಕರದವರಷ್ಟೇ ಒಳಗ. ಸಾಹೇಬ್ರ ಆರ್ಡರ್ ಅದ.”

ಅವರು ಹೊರಗಿನ ಬೆಂಚಿನ ಮೇಲೆ ಕುಳಿತರು. ನಾವು ಹೊರಬರುವವರೆಗೂ ಅಲ್ಲೇ ಕುಳಿತಿದ್ದರು. ಒಬ್ಬರೂ ಅವರನ್ನು ಒಂದು ಮಾತು ಕೇಳಲಿಲ್ಲ.

ಮೊದಲ ಸರದಿ ನನ್ನದು. ಕೇಳಿದವರು ವಿಚಾರಣಾಧಿಕಾರಿ.

“ರೈಫಲ್ ಯಾರು ಕೊಟ್ರು?”

“ನಾನು ಕೊಟ್ಟೆ. ಡಿ.ಪಿ. ರೈಫಲ್.”

“ಕುಂಕುಮ ಇತ್ತೋ ಇಲ್ಲೋ?”

“ಇತ್ರಿ. ಪೂಜಾದ್ದು.”

“ಪೂಜಾ ಮಾಡಿದ್ದಕ್ಕ ಬೂಟ್ ಹಚ್ಚೋದು ಸರಿ ಏನ್ರಿ ಮಾಸ್ತರ? ನಿಮಗ ತಿಳೀಬೇಕಲ್ಲ.”

ನಾನು ಸಾವಕಾಶವಾಗಿ ಕೇಳಿದೆ. “ಸರ್, ಹುತಾತ್ಮರ ದಿನ ಪರೇಡಿನ್ಯಾಗ ಶೋಕ್ ಶಸ್ತ್ರ ಅಂತ ಕಮಾಂಡ್ ಕೊಟ್ರ ರೈಫಲ್ ಮೂತಿ ಎಲ್ಲಿ ಬರ್ತದ್ರಿ?”

ಶೋಕ್ ಶಸ್ತ್ರ ಎಂದರೆ ಮಡಿದವರಿಗೆ ಗೌರವ ಸಲ್ಲಿಸುವಾಗಿನ ಕ್ರಮ. ಪ್ರತಿ ಅಕ್ಟೋಬರ್‌ನಲ್ಲಿ ಪೊಲೀಸ್ ಹುತಾತ್ಮರ ದಿನ ಎಲ್ಲ ಜಿಲ್ಲೆಗಳಲ್ಲೂ ಇದು ನಡೆಯುತ್ತದೆ. ಆ ವರ್ಷ ಖಂಡೇನವಮಿಯೂ ಅದೇ ವಾರ ಬಂದಿತ್ತು. ಠಾಣೆಗಳಲ್ಲೂ ಆಯುಧಪೂಜೆ ಆಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಅವರು ಪೆನ್ನು ಕೆಳಗಿಟ್ಟರು. “ನನಗ ಪರೇಡ್ ಕಲಸ್ತೀರೇನು?”

“ಇಲ್ರಿ. ನೀವು ಕಮಾಂಡ್ ಕೊಟ್ಟವರು. ಅದಕ್ಕ ನಿಮ್ಮನ್ನೇ ಕೇಳ್ತೀನಿ.”

ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ ಹೇಳಿದರು, ಇದು ನನ್ನ ಕಿವಿಯಾರೆ ಕೇಳಿದ ಮಾತು: “ಎಡಗಾಲಿನ ಬೂಟಿನ ಮ್ಯಾಲ.”

ಕಾರ್ಯದರ್ಶಿಗಳು ಫೋನಿನಿಂದ ತಲೆ ಎತ್ತಿದರು. “ಏನಂದ್ರಿ?”

“ಮೂತಿ ಕೆಳಗ ಮಾಡಿ ಬೂಟಿನ ತುದೀಗಿ ಇಡ್ತಾರ್ರಿ. ಬಟ್ಟಿನ ಮ್ಯಾಲ ಕೈ ಇಟ್ಟು ತಲಿ ಬಗ್ಗಸ್ತಾರ,” ಎಂದರು ವಿಚಾರಣಾಧಿಕಾರಿ. ಕೂಡಲೇ ನನ್ನ ಕಡೆ ತಿರುಗಿದರು. “ಆದ್ರ ಅದು ಪರೇಡ್. ಇದು ನಾಟಕ. ಎರಡೂ ಕೂಡಸಬ್ಯಾಡ್ರಿ.”

“ಪರೇಡಿನ್ಯಾಗ ಗೌರವ ಆಗಿದ್ದು ನಾಟಕದಾಗ ಅವಮಾನ ಹ್ಯಾಂಗ ಆಗ್ತದ್ರಿ ಸರ್?”

“ನೀವು ಕೇಳಿದ್ದಕ್ಕಷ್ಟೇ ಹೇಳ್ರಿ,” ಎಂದರು ಕಾರ್ಯದರ್ಶಿಗಳು. “ಊರ ಮಂದಿ ಬಾಯಿಗಿ ಬಿದ್ದೀವಿ. ಸಂಸ್ಥೆ ನಡೀಬೇಕೋ ಬ್ಯಾಡೋ?”

ನನ್ನ ಹೇಳಿಕೆಯನ್ನು ಗುಮಾಸ್ತ ಕಂಪ್ಯೂಟರಿನಲ್ಲಿ ಬರೆದು ಪ್ರಿಂಟ್ ತೆಗೆದುಕೊಟ್ಟ. ಓದಿದೆ. ಪೂಜೆಯಾದ ಬಂದೂಕಿನ ಮೂತಿಯನ್ನು ಮಣ್ಣಿಗೆ ಊರಿದ್ದೂ, ಬುಡದಲ್ಲಿ ಪಾದರಕ್ಷೆ ಇಟ್ಟಿದ್ದೂ ನಿಜವೆಂದು ಸಾಕ್ಷಿ ಒಪ್ಪಿಕೊಂಡಿದ್ದಾರೆ ಎಂದಿತ್ತು. ಶೋಕ್ ಶಸ್ತ್ರದ ಸುದ್ದಿಯೇ ಇರಲಿಲ್ಲ. ಹೆಲ್ಮೆಟ್ ಇರಲಿಲ್ಲ, ಸೆಲ್ಯೂಟ್ ಇರಲಿಲ್ಲ. ಫೋನಿನಲ್ಲಿ ಯಾರೋ ಮಾಡಿದ್ದ ಕತ್ತರಿ ಕೆಲಸವನ್ನೇ ಇವರು ಕಾಗದದ ಮೇಲೆ ಮಾಡಿದ್ದರು. ಒಂದೇ ವ್ಯತ್ಯಾಸ, ಅವನಿಗೆ ಪೂರ್ತಿ ಅರ್ಥ ಗೊತ್ತಿತ್ತೋ ಇಲ್ಲವೋ; ಇವರಿಗೆ ಗೊತ್ತಿತ್ತು.

“ನಾ ಹೇಳಿದ್ದು ಇದರಾಗ ಇಲ್ರಿ,” ಎಂದೆ.

“ಅದು ವಿಷಯಕ್ಕ ಸಂಬಂಧ ಇಲ್ಲ. ಸಹಿ ಮಾಡ್ರಿ.”

“ಸೇರಿಸಿದ್ರ ಮಾಡ್ತೀನಿ.”

ಸೇರಿಸಲಿಲ್ಲ. ನಾನು ಸಹಿ ಮಾಡಲಿಲ್ಲ. ನನಗೆ ಆಗಬಹುದಾದದ್ದು ಏನೂ ಇರಲಿಲ್ಲ. ನನ್ನ ಹುದ್ದೆ ಕಾಯಂ. ರೈಫಲ್ ಕೊಟ್ಟವನು ನಾನೇ ಎಂದು ನಾನೇ ಹೇಳಿದ್ದರೂ ನನ್ನ ಮೇಲೆ ಒಂದು ನೋಟಿಸೂ ಬರಲಿಲ್ಲ. ಗಾಳಿ ಬೀಸಿದರೆ ಹಾರುವವರ ಕಡೆಗೇ ಅವರು ಊದಿದರು.

ಸುನಂದಾ ಒಳಗೆ ಹೋದಾಗ ಬಾಗಿಲು ತೆರೆದೇ ಇತ್ತು, ಹೊರಗಿನ ಬೆಂಚಿಗೆ ಎಲ್ಲವೂ ಕೇಳಿಸುತ್ತಿತ್ತು. ಅವರನ್ನು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಮೊದಲೇ ಬರೆದಿಟ್ಟಿದ್ದ ಒಂದು ಕ್ಷಮಾಪಣೆಯನ್ನು ಓದಿ ಮುಂದಿಟ್ಟರು. ವಿದ್ಯಾರ್ಥಿನಿ ಭಾಗ್ಯಶ್ರೀ ನನ್ನ ಗಮನಕ್ಕೆ ತರದೆ ತಾನಾಗಿ ಬೂಟು ಇಟ್ಟಿದ್ದಾಳೆ, ಅದನ್ನು ನಾನು ತಡೆಯಬೇಕಿತ್ತು ಎಂಬ ಅರ್ಥದ್ದು. ಇದಕ್ಕೆ ಸಹಿ ಹಾಕಿದರೆ ನಾಳೆಯೇ ತರಗತಿಗೆ ಹೋಗಬಹುದು, ಜೂನ್‌ನಲ್ಲಿ ಆದೇಶವೂ ಬರುತ್ತದೆ ಎಂದರು.

“ಹುಡಿಗೀಗಿ ಏನೂ ಆಗಂಗಿಲ್ಲವ್ವಾ,” ಎಂದರು ಕಾರ್ಯದರ್ಶಿಗಳು ಮೆತ್ತಗೆ. “ಎನ್‌ಸಿಸಿಯಿಂದ ತಗೀತೀವಿ, ಅಷ್ಟೇ. ಸಣ್ಣಾಕಿ, ಮರೀತಾಳ. ನಿನ್ನ ಮನೀದು ನೋಡ್ಕೋ.”

ಗುಂಡಪ್ಪನವರು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಬಹುಶಃ ಅದು ಅವರಿಗೂ ಗೊತ್ತಿರಲಿಲ್ಲ.

“ಬೂಟು ಇಡು ಅಂದಾಕಿ ನಾನ್ರೀ ಸರ್,” ಎಂಬ ಸುನಂದಾರ ದನಿ ಬಂತು. ಅದು ತಡವರಿಸಲಿಲ್ಲ. “ಊರ ಕಡೆ ಮಾರಿ ಮಾಡಿ ಇಡು ಅಂದಾಕೀನೂ ನಾನೇ. ಹಂಗ ಬರೀರಿ, ಈಗೇ ಸಹಿ ಮಾಡ್ತೀನಿ. ಆಕಿ ಹೆಸರು ನಾ ಬರಿಯಂಗಿಲ್ಲ.”

“ವಿಚಾರ ಮಾಡ್ರಿ.”

“ಮಾಡೀನ್ರಿ. ಬಸ್ಸಿನ್ಯಾಗೇ ಮಾಡ್ಕೊಂಡು ಬಂದೀನಿ.”

ಅವರನ್ನು ತೆಗೆದುಹಾಕಿದರು. ಆದೇಶದಲ್ಲಿ ಕಾರಣವನ್ನೂ ಬರೆಯಲಿಲ್ಲ. ತಾತ್ಕಾಲಿಕ ಸೇವೆ ಇನ್ನು ಅಗತ್ಯವಿಲ್ಲ ಎಂದಷ್ಟೇ ಇತ್ತು. ಅವಮಾನವಾಗಿದೆ ಎಂದು ಅಷ್ಟು ಗುಲ್ಲು ಮಾಡಿದವರಿಗೆ ಆ ಮಾತನ್ನು ತಮ್ಮ ಸಹಿಯ ಮೇಲೆ ಬರೆಯುವ ಧೈರ್ಯ ಇರಲಿಲ್ಲ. ಬರೆದಿದ್ದರೆ ಅದನ್ನು ಪ್ರಶ್ನಿಸಬಹುದಿತ್ತು. ನಾನು ಪ್ರಾಂಶುಪಾಲರಿಗೆ, ಸಂಸ್ಥೆಯ ಅಧ್ಯಕ್ಷರಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಸಹೋದ್ಯೋಗಿಗಳು ಸಿಬ್ಬಂದಿ ಕೊಠಡಿಯಲ್ಲಿ ಅನ್ಯಾಯ ಅನ್ಯಾಯ ಎಂದರು. ಪತ್ರಕ್ಕೆ ಸಹಿ ಕೇಳಿದಾಗ ಒಬ್ಬರಿಗೆ ಪೆನ್ನು ಸಿಗಲಿಲ್ಲ, ಒಬ್ಬರಿಗೆ ತರಗತಿಗೆ ಹೊತ್ತಾಯಿತು. ಭಾಗ್ಯಶ್ರೀ ಎನ್‌ಸಿಸಿಯಲ್ಲೇ ಉಳಿದಳು. ಸಹಿಯಾದ ಯಾವ ಕಾಗದದಲ್ಲೂ ಅವಳ ಹೆಸರು ಇರಲಿಲ್ಲವಾದ್ದರಿಂದ ತೆಗೆಯಲು ಅವರಿಗೆ ದಾರಿ ಸಿಗಲಿಲ್ಲ.

ಸುನಂದಾ ಕೆಲವು ತಿಂಗಳು ಮನೆಯಲ್ಲೇ ಇದ್ದರು. ಬೇರೆ ಕಾಲೇಜುಗಳಲ್ಲಿ ಕೇಳಿದಾಗ “ಆ ಬಂದೂಕಿನ ಮೇಡಂ ಏನು?” ಎಂದರಂತೆ, ಇದು ಅವರೇ ಹೇಳಿದ್ದು. ಈಗ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಮೇಲಿನ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ವ್ಯಾಕರಣ ಮಾತ್ರ. ಸಿನಿಮಾ ತೋರಿಸುವುದಿಲ್ಲ.

ನಾನು ನಿವೃತ್ತನಾದ ಮೇಲೆ ಕಲಬುರಗಿಯಲ್ಲಿ ಒಂದು ಮದುವೆಯಲ್ಲಿ ಆ ವಿಚಾರಣಾಧಿಕಾರಿ ಸಿಕ್ಕರು. ಅವರೇ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

“ಮಾಸ್ತರ, ಅವತ್ತು ನೀವು ಹೇಳಿದ್ದು ಖರೇನೇ ಇತ್ತು ಬಿಡ್ರಿ. ನನಗೂ ಮನಸ್ಸಿಗಿ ಹತ್ತಿತ್ತು.”

“ಹಂಗಾರ ಅದನ್ನೇ ಒಂದು ಹಾಳಿ ಮ್ಯಾಲ ಬರದು ಕೊಡ್ರಿ ಸರ್. ಆ ಹೆಣ್ಣುಮಗಳಿಗಿ ಇನ್ನೂ ಉಪಯೋಗ ಆಗ್ತದ.”

ಅವರು ನಕ್ಕರು. “ಹಳೀ ಮಾತು. ಈಗ ಯಾಕ ಅದು? ಬರ್ರಿ, ಊಟಕ್ಕ ಕುಂದ್ರೂಣು.” ಪಂಕ್ತಿಯ ಕಡೆ ನಡೆದರು. ನಾನು ಊಟ ಮಾಡದೆ ಹೊರಗೆ ಬಂದೆ. ಅಲ್ಲಿಂದ ನೇರವಾಗಿ ಸ್ಟೇಶನ್ ಬಜಾರಕ್ಕೆ ಹೋಗಿ ಸುನಂದಾಗೆ ಹೇಳಿದೆ. ಅವರು ಹಲಗೆ ಒರೆಸುತ್ತಿದ್ದರು. ಕೇಳಿ ಮುಗಿದ ಮೇಲೆ ಕೈಯ ಸೀಮೆಸುಣ್ಣ ಕೊಡವಿಕೊಂಡರು.

“ಊಟಕ್ಕ ಏನು ಮಾಡಿದ್ರು ಸರ್?”

“ಗೊತ್ತಿಲ್ಲವ್ವಾ. ನಾ ಉಣ್ಣಲಿಲ್ಲ.”

“ಉಣ್ಣಬೇಕಿತ್ತು. ಅವರ ಖರೇ ಮಾತಿನಕಿಂತ ಹೊಟ್ಟಿ ತುಂಬ್ತಿತ್ತು.” ಇಬ್ಬರೂ ನಕ್ಕೆವು. ಅವರ ನಗು ಬೇಗ ನಿಂತಿತು, ಮುಂದಿನ ಬ್ಯಾಚಿನ ಮಕ್ಕಳು ಮೆಟ್ಟಿಲು ಹತ್ತುತ್ತಿದ್ದರು.

ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ ನಾನು ಕಲಿತದ್ದು ಹೆಚ್ಚೇನಿಲ್ಲ. ಅಜ್ಞಾನಿಗಳಿಂದ ಆದ ಅನ್ಯಾಯವನ್ನು ಒಮ್ಮೆ ಪಾಠ ಹೇಳಿ ಸರಿಪಡಿಸಬಹುದು. ಗುಂಡಪ್ಪನವರು ಸಿಟ್ಟಿನಿಂದ ಬಂದು, ನೋಡಿ, ತಿಳಿದು, ಹಿಂದಿರುಗಿದರು. ತಿಳಿದವರು ತಿಳಿದೇ ಮಾಡಿದ್ದಕ್ಕೆ ಯಾವ ಪಾಠವೂ ಇಲ್ಲ. ಆದ್ದರಿಂದ ಕೆಲಸದಲ್ಲಿರುವ ಕಿರಿಯರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಹೇಳಿಕೆಯನ್ನು ಪೂರ್ತಿ ಓದಿ, ಬಿಟ್ಟದ್ದು ಏನೆಂದು ನೋಡಿ, ಅದನ್ನು ಸೇರಿಸುವವರೆಗೆ ಸಹಿ ಹಾಕಬೇಡಿ. ಇನ್ನು ನಿಮಗೆ ಗೊತ್ತಿರುವ ಖರೆ ಮಾತನ್ನು ಹೇಳುವುದಿದ್ದರೆ ಆ ಮನುಷ್ಯನ ಕೆಲಸ ಉಳಿದಿರುವಾಗಲೇ, ಆ ಮೇಜಿನ ಮುಂದೆಯೇ ಹೇಳಿ. ಮದುವೆಯ ಮಂಟಪದಲ್ಲಿ ಹೆಗಲ ಮೇಲೆ ಕೈ ಇಟ್ಟು ಹೇಳಬೇಡಿ.